ಎಲೀಯನಿಗೆ ದೇವರು ಮೊದಲು ಕೊಟ್ಟಿದ್ದು ರೊಟ್ಟಿ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ದಿನಾ ಸತ್ಯವೇದ, ಅಂದರೆ ಬೈಬಲ್, ಓದುತ್ತೀರಿ. ಆದರೆ ಅಪ್ಪ ತೀರಿಕೊಂಡ ಮೇಲೆ ಅದರಲ್ಲಿರುವ ಕಥೆಗಳೆಲ್ಲ ಯಾವುದೋ ಕಾಲದ ದೊಡ್ಡ ಮನುಷ್ಯರ ಕಥೆಗಳಾಗಿ ಕಾಣುತ್ತವೆ, ಪ್ರಾರ್ಥನೆಗೆ ಕೂತರೆ ಬಾಯಿಂದ ಮಾತೇ ಹೊರಡಲ್ಲ ಅಂತ ಬರೆದಿದ್ದೀರಿ. ಇಂಥ ಕಥೆಗಳಿಂದ ಧೈರ್ಯ ತಗೊಳ್ಳೋದು ಹೇಗೆ ಅಂತ ಕೇಳಿದ್ದೀರಿ.

ನಾನು ಹದಿನಾಲ್ಕು ವರ್ಷದಿಂದ ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಇದೇ ಕಥೆಗಳನ್ನು ಹೇಳಿಕೊಂಡು ಬಂದವಳು. ಅಮ್ಮ ತೀರಿಕೊಂಡ ವರ್ಷ ನನಗೂ ಹೀಗೇ ಆಗಿತ್ತು. ಆಗ ನನಗೆ ಆಸರೆಯಾಗಿದ್ದು ಒಂದೇ ಅಧ್ಯಾಯ, ಸತ್ಯವೇದದ 1 ಅರಸುಗಳು ಅನ್ನುವ ಪುಸ್ತಕದ 19ನೇ ಅಧ್ಯಾಯ. ಅದರ ಬಗ್ಗೆಯೇ ಹೇಳುತ್ತೇನೆ.

ಹಿಂದಿನ ಅಧ್ಯಾಯದಲ್ಲಿ ದೇವರ ಪ್ರವಾದಿ ಎಲೀಯ ಕರ್ಮೆಲ್ ಬೆಟ್ಟದ ಮೇಲೆ ಬಾಳ ಅನ್ನುವ ಬೇರೆ ದೇವತೆಯ 450 ಪ್ರವಾದಿಗಳ ಎದುರು ಒಬ್ಬನೇ ನಿಂತಿದ್ದ. ಆಕಾಶದಿಂದ ಬೆಂಕಿ ಬಿತ್ತು. ವರ್ಷಗಟ್ಟಲೆ ಬಾರದಿದ್ದ ಮಳೆಯೂ ಬಂತು. ಮಕ್ಕಳಿಗೆ ನಾವು ಹೇಳುವುದು ಇಷ್ಟೇ. ಪುಟ ತಿರುಗಿಸಿದರೆ ಅದೇ ಮನುಷ್ಯ ರಾಣಿ ಈಜೆಬೆಲಳ ಒಂದು ಬೆದರಿಕೆಗೆ ಜೀವ ಉಳಿಸಿಕೊಳ್ಳಲು ಓಡುತ್ತಿದ್ದಾನೆ. ಇಜ್ರೇಲಿನಿಂದ ಬೇರ್ಷೆಬಕ್ಕೆ 150 ಕಿಲೋಮೀಟರಿಗೂ ಜಾಸ್ತಿ ದೂರ. ಅಲ್ಲಿ ಜೊತೆಗಿದ್ದ ಸೇವಕನನ್ನೂ ಬಿಟ್ಟು, ಇನ್ನೂ ಒಂದು ದಿನದ ದಾರಿ ಅಡವಿಯೊಳಗೆ ಹೋಗಿ, ಒಂದು ಗಿಡದ ಕೆಳಗೆ ಕೂತು, ನನಗೆ ಸಾಕಾಯಿತು, ನನ್ನ ಪ್ರಾಣ ತೆಗೆದುಬಿಡು ಅಂತ ದೇವರನ್ನು ಬೇಡುತ್ತಾನೆ. ಆಮೇಲೆ ಅಲ್ಲೇ ಮಲಗಿ ನಿದ್ದೆ ಹೋಗುತ್ತಾನೆ.

ಈಗ ದೇವರು ಏನು ಮಾಡಿದರು ನೋಡಿ. ನಿನ್ನೆ ಮೊನ್ನೆ ಬೆಂಕಿ ಇಳಿದದ್ದನ್ನು ನೋಡಿಯೂ ಹೀಗೆ ಹೆದರುತ್ತೀಯಲ್ಲ ಅಂತ ಬೈಯಬಹುದಿತ್ತು. ಬೈಯಲಿಲ್ಲ. ದೂತನೊಬ್ಬ ಬಂದು ಮೈ ತಟ್ಟಿ, ಎದ್ದು ಊಟ ಮಾಡು ಅನ್ನುತ್ತಾನೆ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು. ತಿಂದು, ಕುಡಿದು, ಎಲೀಯ ಮತ್ತೆ ಮಲಗಿಬಿಡುತ್ತಾನೆ. ಅವನನ್ನು ಮಲಗಲು ಬಿಡುತ್ತಾರೆ! ಎರಡನೇ ಸಲ ದೂತ ಬಂದಾಗಲೂ ಮಾತು ಅದೇ, ಎದ್ದು ಊಟ ಮಾಡು. ಜೊತೆಗೆ, ನೀನು ಹೋಗಬೇಕಾದ ದಾರಿ ನಿನ್ನ ಶಕ್ತಿಗೆ ಮೀರಿದ್ದು ಅಂತ ಹೇಳುತ್ತಾನೆ. ಅವನಿಗೆ ಸುಸ್ತಾಗಿದೆ ಅನ್ನುವುದನ್ನು ದೇವರೇ ಒಪ್ಪಿಕೊಂಡಂತೆ ನನಗೆ ಕೇಳಿಸಿತು.

ಅಮ್ಮ ಹೋಗಿ ಮೂರು ತಿಂಗಳಾಗಿತ್ತು. ಒಂದು ಸಂಜೆ ಲೈಟ್ ಕೂಡ ಹಾಕದೆ ಅಡುಗೆಮನೆಯಲ್ಲಿ ಕೂತಿದ್ದೆ. ನಮ್ಮ ಚರ್ಚಿನ ಹಿರಿಯ ಆಂಟಿಯೊಬ್ಬರು ಸ್ಟೀಲ್ ಡಬ್ಬಿಯಲ್ಲಿ ಗಂಜಿ, ಚಿಕ್ಕ ಬಟ್ಟಲಲ್ಲಿ ಮಾವಿನಕಾಯಿ ಉಪ್ಪಿನಕಾಯಿ ತಂದರು. ಡಬ್ಬಿ ಇನ್ನೂ ಬಿಸಿಯಿತ್ತು, ಸೆರಗಿನಲ್ಲಿ ಹಿಡಿದುಕೊಂಡೇ ಬಂದಿದ್ದರು. ನಾನು "ಆಂಟಿ, ನನಗೆ ಪ್ರಾರ್ಥನೆ ಮಾಡೋಕೇ ಆಗ್ತಿಲ್ಲ" ಅಂದೆ. ಅವರು "ನೀನು ಉಣ್ಣಮ್ಮ. ಪ್ರಾರ್ಥನೆ ನಾನು ಮಾಡ್ತೀನಿ" ಅಂದರು. ವಚನ ಹೇಳಲಿಲ್ಲ, ಬುದ್ಧಿ ಹೇಳಲಿಲ್ಲ. ನಾನು ಉಂಡು ಮುಗಿಸುವವರೆಗೂ ಎದುರಿಗೇ ಕೂತಿದ್ದರು. ಅವತ್ತು ರಾತ್ರಿ ಎಷ್ಟೋ ದಿನಗಳ ನಂತರ ಚೆನ್ನಾಗಿ ನಿದ್ದೆ ಬಂತು. ಮಾರನೇ ದಿನ ಸತ್ಯವೇದ ತೆರೆದಾಗ ಎಲೀಯನ ಈ ಕಥೆ ಸಿಕ್ಕಿತು. ರೊಟ್ಟಿ ಅನ್ನುವ ಮಾತು ಬಂದ ಕಡೆ ಮುಂದೆ ಓದಲಾಗದೆ ಅತ್ತುಬಿಟ್ಟೆ. ಎಷ್ಟೋ ಸಲ ಪಾಠ ಮಾಡಿದ್ದ ಅಧ್ಯಾಯ ಅದು. ಆದರೆ ಆ ರೊಟ್ಟಿ ನನ್ನ ಕಣ್ಣಿಗೆ ಬಿದ್ದದ್ದು ಅವತ್ತೇ.

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟು. "ಇದರಲ್ಲಿ ನನಗೇನು ಪಾಠ?" ಅಂತ ಅವಸರದಲ್ಲಿ ಹುಡುಕಬೇಡಿ. ಕಥೆಯಲ್ಲಿ ದಣಿದವರು ಯಾರು, ಅವರನ್ನು ದೇವರು ಹೇಗೆ ನೋಡಿಕೊಂಡರು, ಅದನ್ನು ಮಾತ್ರ ನೋಡಿ. ಗಟ್ಟಿಯಾಗಿ, ನಿಧಾನವಾಗಿ ಓದಿ. ದಾವೀದ ಗೊಲ್ಯಾತನ ಕಥೆ ಬಂದರೆ ನಾವೆಲ್ಲ ತಕ್ಷಣ ದಾವೀದನಾಗಿಬಿಡುತ್ತೇವೆ, ಅಲ್ವಾ? ಆದರೆ 40 ದಿನ ಆ ದೈತ್ಯನ ಕೂಗು ಕೇಳಿ ನಡುಗುತ್ತಾ ನಿಂತ ಸೈನಿಕರೂ ಆ ಕಥೆಯಲ್ಲೇ ಇದ್ದಾರೆ. ಗೆಲುವು ಅವರಿಗೂ ಸಿಕ್ಕಿತು.

ಎಲೀಯನ ಕಥೆಯಲ್ಲಿ ಇನ್ನೊಂದು ವಿಷಯ ಇದೆ. ಆ ಊಟದ ಬಲದಿಂದ ಅವನು 40 ದಿನ ನಡೆದು ಹೋರೇಬ್ ಬೆಟ್ಟದ ಗವಿಗೆ ಹೋಗುತ್ತಾನೆ. ಎಲೀಯಾ, ನಿನಗಿಲ್ಲಿ ಏನು ಕೆಲಸ ಅಂತ ದೇವರು ಕೇಳಿದಾಗ, ನಾನೊಬ್ಬನೇ ಉಳಿದಿದ್ದೇನೆ ಅನ್ನುತ್ತಾನೆ. ಆದರೆ ಹಿಂದಿನ ಅಧ್ಯಾಯದಲ್ಲೇ ಅರಮನೆಯ ಅಧಿಕಾರಿ ಓಬದ್ಯ ಅವನಿಗೆ, 100 ಜನ ಪ್ರವಾದಿಗಳನ್ನು ಐವತ್ತು ಐವತ್ತು ಜನರ ಹಾಗೆ ಗವಿಗಳಲ್ಲಿ ಬಚ್ಚಿಟ್ಟು ಸಾಕಿದ್ದೇನೆ ಅಂತ ಹೇಳಿದ್ದ. ದುಃಖದಲ್ಲಿ ಅದು ಮರೆತೇ ಹೋಗಿದೆ. ನಮಗೂ ಹೀಗೇ ಆಗುತ್ತದೆ. ಬಿರುಗಾಳಿ, ಭೂಕಂಪ, ಬೆಂಕಿ ಎಲ್ಲ ಹಾದುಹೋಗಿ ಕೊನೆಗೆ ಮೆಲುದನಿ ಕೇಳುತ್ತದೆ. ದೇವರು ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತಾರೆ. ಎಲೀಯ ಅದೇ ಉತ್ತರ ಕೊಡುತ್ತಾನೆ, ಒಂದು ಮಾತೂ ಬದಲಾಗಿಲ್ಲ. ಮೆಲುದನಿ ಕೇಳಿದ ಮೇಲೂ ಅವನ ಮನಸ್ಸು ತಕ್ಷಣ ಹಗುರಾಗಲಿಲ್ಲ! ಇದು ನನಗೆ ತುಂಬಾ ಸಮಾಧಾನ ಕೊಟ್ಟ ಜಾಗ. ಹಾಗಿದ್ದರೂ ದೇವರು ಅವನಿಗೆ ಕೆಲಸ ಕೊಡುತ್ತಾರೆ, ಬಾಳನಿಗೆ ಮೊಣಕಾಲೂರದ 7,000 ಜನ ಇದ್ದಾರೆ ಅನ್ನುತ್ತಾರೆ, ಎಲೀಷ ಅನ್ನುವ ಜೊತೆಗಾರನನ್ನೂ ತೋರಿಸುತ್ತಾರೆ.

ಸತ್ಯವೇದದಲ್ಲೇ ಇರುವ ಯಾಕೋಬನ ಪತ್ರದ (ಯಾಕೋಬನ ಪತ್ರಿಕೆ) 5ನೇ ಅಧ್ಯಾಯದಲ್ಲಿ ಎಲೀಯ ನಮ್ಮಂಥ ಸ್ವಭಾವದವನೇ ಅಂತ ಬರೆದಿದೆ. ದೊಡ್ಡವರ ಕಥೆ ಅಂತ ನಿಮಗೆ ಅನಿಸಿದಾಗ ಆ ಮಾತು ನೆನಪಿಸಿಕೊಳ್ಳಿ.

ಒಂದು ಮಾತು ಖಂಡಿತ ಹೇಳಬೇಕು. ನಿದ್ದೆ, ಊಟ ವಾರಗಟ್ಟಲೆ ಸರಿಹೋಗದಿದ್ದರೆ, ಸಾಯಬೇಕು ಅನ್ನುವ ಯೋಚನೆ ಒಮ್ಮೆ ಬಂದರೂ, ಮನೆಯವರಿಗೆ ಹೇಳಿ, ಡಾಕ್ಟರ್ ಹತ್ತಿರ ಹೋಗಿ. ನಂಬಿಕೆ ಕಮ್ಮಿ ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಎಲೀಯನಿಗೆ ದೇವರು ಹಾಗೆ ಹೇಳಲಿಲ್ಲ.

ಇವತ್ತು ರಾತ್ರಿ ಮೊದಲು ಬಿಸಿಯಾಗಿ ಏನಾದರೂ ಊಟ ಮಾಡಿ. ಆಮೇಲೆ 19ನೇ ಅಧ್ಯಾಯದ ಮೊದಲ ಎಂಟು ವಚನ ಓದಿ, ಅಲ್ಲಿಗೆ ನಿಲ್ಲಿಸಿ. ಪ್ರಾರ್ಥನೆಗೆ ಮಾತು ಬಾರದಿದ್ದರೆ ಸುಮ್ನೆ ಮಲಗಿ. ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಆದರೂ ನಿಮ್ಮ ಪರವಾಗಿ ಇವತ್ತು ನಾನು ಪ್ರಾರ್ಥನೆ ಮಾಡುತ್ತೇನೆ.