ದುಬೈಯಲ್ಲಿ ವೀಸಾ ಅವಧಿ ಮೀರಿದವರು ದಂಡ ಕಟ್ಟಿ ಊರಿಗೆ ಮರಳುವುದು ಹೇಗೆ?

ನಿಮ್ಮ ತಮ್ಮ ವಿಸಿಟ್ ವೀಸಾದ ಮೇಲೆ ದುಬೈಗೆ ಹೋಗಿ, ಅವಧಿ ಮುಗಿದು ನಾಲ್ಕು ತಿಂಗಳಾದರೂ ಅಲ್ಲಿಯೇ ಉಳಿದಿದ್ದಾನೆ; ವಿಮಾನ ನಿಲ್ದಾಣಕ್ಕೆ ಹೋದರೆ ಹಿಡಿದು ಜೈಲಿಗೆ ಹಾಕುತ್ತಾರೆಂದು ಹೆದರಿದ್ದಾನೆ; ಹುಮನಾಬಾದಿನ ಏಜೆಂಟರೊಬ್ಬರು ಎಂಬತ್ತು ಸಾವಿರ ರೂಪಾಯಿ ಕೊಟ್ಟರೆ ಎಲ್ಲವನ್ನೂ ಕ್ಲಿಯರ್ ಮಾಡಿಸುತ್ತೇನೆ ಎನ್ನುತ್ತಿದ್ದಾರೆ, ಕೊಡಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ಕೊಡಬೇಡಿ. ಕಾರಣವನ್ನು ಲೆಕ್ಕವೇ ಹೇಳುತ್ತದೆ. 2022ರ ಅಕ್ಟೋಬರ್‌ನಿಂದ ಯುಎಇಯಲ್ಲಿ ವಿಸಿಟ್ ವೀಸಾ ಇರಲಿ, ರೆಸಿಡೆನ್ಸ್ ವೀಸಾ ಇರಲಿ, ಅವಧಿ ಮೀರಿದ ಪ್ರತಿ ದಿನಕ್ಕೆ ದಂಡ 50 ದಿರ್ಹಮ್. 120 ದಿನಕ್ಕೆ 6,000 ದಿರ್ಹಮ್, ಅಂದರೆ ಒಂದು ಲಕ್ಷ ಮೂವತ್ತು ಸಾವಿರ ರೂಪಾಯಿಗಿಂತ ಹೆಚ್ಚು. ದಂಡವೇ ಅಷ್ಟಿರುವಾಗ ಎಂಬತ್ತು ಸಾವಿರದಲ್ಲಿ ಅದನ್ನು ತೀರಿಸಿ, ತನ್ನ ಕಮಿಷನ್ನನ್ನೂ ಇಟ್ಟುಕೊಳ್ಳುವ ದಾರಿ ಯಾವ ಪ್ರಾಮಾಣಿಕ ಏಜೆಂಟನಿಗೂ ಇಲ್ಲ.

ನಾನು ಬೀದರಿನವನು. 2023ರಲ್ಲಿ ನಾನೂ ಅರವತ್ತು ದಿನಗಳ ವಿಸಿಟ್ ವೀಸಾದ ಮೇಲೆ ಹೋಗಿದ್ದೆ. ಅಲ್ಲಿಗೆ ಹೋದ ಮೇಲೆ ಕೆಲಸದ ವೀಸಾ ಆಗುತ್ತದೆ ಎಂದು ಕಳುಹಿಸಿದವರು ನಂಬಿಸಿದ್ದರು, ಆಗಲಿಲ್ಲ. ಅವಧಿ ಮುಗಿದ ಮೇಲೂ ಹತ್ತು ದಿನ ಮಾಫಿ ಇರುತ್ತದೆ ಎಂದು ಅವರೇ ಹೇಳಿದ್ದರಿಂದ, ಇಪ್ಪತ್ತೇಳು ದಿನಗಳ ದಂಡವನ್ನು ಮನಸ್ಸಿನಲ್ಲಿಯೇ ಲೆಕ್ಕ ಹಾಕಿಕೊಂಡು, 1,400 ದಿರ್ಹಮ್ ಜೇಬಿನಲ್ಲಿಟ್ಟುಕೊಂಡು, ದುಬೈಯಲ್ಲಿ ವೀಸಾ ಕೆಲಸಗಳನ್ನು ಮಾಡಿಕೊಡುವ ಆಮೇರ್ ಸೆಂಟರಿಗೆ ಹೋದೆ. ಕೌಂಟರಿನಲ್ಲಿದ್ದ ಹುಡುಗಿ ಕಂಪ್ಯೂಟರಿನ ಪರದೆಯನ್ನು ನನ್ನ ಕಡೆಗೆ ತಿರುಗಿಸಿ, ಪೆನ್ನಿನ ತುದಿಯಿಂದ ಅಂಕಿಯನ್ನು ತೋರಿಸಿದಳು: 37 ದಿನ, 1,850 ದಿರ್ಹಮ್. ಆ ಹತ್ತು ದಿನಗಳ ವಿನಾಯಿತಿಯನ್ನು ಅದೇ ವರ್ಷ ತೆಗೆದುಹಾಕಿದ್ದರು. ದೇಶ ಬಿಡಲು ಬೇಕಾದ ಪರವಾನಗಿಯ ಶುಲ್ಕ ಬೇರೆ. ನನ್ನ ರೂಮಿನಲ್ಲಿದ್ದ ಚಿಂಚೋಳಿಯ ಹುಡುಗನೊಬ್ಬ ತನ್ನ ಸಂಬಳದಿಂದ 800 ದಿರ್ಹಮ್ ಎಣಿಸಿ ಕೊಟ್ಟ. ಆ ಋಣವನ್ನು ನಾನು ಮರೆತಿಲ್ಲ.

ಆದ್ದರಿಂದ ಮೊದಲು ನಿಮ್ಮ ತಮ್ಮನ ದಂಡ ನಿಖರವಾಗಿ ಎಷ್ಟಾಗಿದೆ ಎಂಬುದನ್ನು ತಿಳಿದುಕೊಳ್ಳಿ. ಅವನ ವೀಸಾ ಕಾಗದದ ಫೋಟೋ ತರಿಸಿಕೊಂಡು ಫೈಲ್ ನಂಬರನ್ನು ನೋಡಿ: 201ರಿಂದ ಆರಂಭವಾಗಿದ್ದರೆ ಅದು ದುಬೈಯ ವೀಸಾ, ಜಿಡಿಆರ್‌ಎಫ್‌ಎ ಎಂಬ ದುಬೈಯ ವಲಸೆ ಇಲಾಖೆಯ ಜಾಲತಾಣದಲ್ಲಿ ಪರಿಶೀಲಿಸಬೇಕು, ಅಬುಧಾಬಿ, ಶಾರ್ಜಾ ಮುಂತಾದ ಕಡೆಗಳದ್ದಾದರೆ ಐಸಿಪಿ ಎಂಬ ಯುಎಇ ಕೇಂದ್ರ ಸರ್ಕಾರದ ವಲಸೆ ಇಲಾಖೆಯ ಜಾಲತಾಣದಲ್ಲಿ ನೋಡಬೇಕು. ಪಾಸ್‌ಪೋರ್ಟ್ ವಿವರಗಳಿದ್ದರೆ ಬೀದರಿನಲ್ಲಿ ಕುಳಿತೇ ನೀವಿದನ್ನು ಮಾಡಬಹುದು.

ದಂಡಕ್ಕಿಂತ ದೊಡ್ಡ ತೊಡಕೊಂದಿದೆ, ಅದರ ಬಗ್ಗೆ ಊರಿನಲ್ಲಿ ಯಾರೂ ಹೇಳುವುದಿಲ್ಲ. ವಿಸಿಟ್ ವೀಸಾವನ್ನು ಸಾಮಾನ್ಯವಾಗಿ ಅಲ್ಲಿನ ಯಾವುದಾದರೂ ಟ್ರಾವೆಲ್ಸ್ ತನ್ನ ಹೆಸರಿನಲ್ಲಿ ತೆಗೆದಿರುತ್ತದೆ. ಪ್ರವಾಸಿ ಅವಧಿ ಮೀರಿದರೆ ಆ ಟ್ರಾವೆಲ್ಸ್ ತನ್ನ ಮೇಲೆ ಹೊಣೆ ಬರಬಾರದೆಂದು ಅವನ ವಿರುದ್ಧ 'ಪರಾರಿ' ದೂರು ದಾಖಲಿಸಿಬಿಡುತ್ತದೆ. ಆ ದೂರು ಇದ್ದರೆ ದಂಡ ಕಟ್ಟಿದ ಮಾತ್ರಕ್ಕೆ ಹೊರಡಲು ಆಗುವುದಿಲ್ಲ. ಅದನ್ನು ಹಿಂತೆಗೆಸಬೇಕು, ಹಿಂತೆಗೆಯಲು ಟ್ರಾವೆಲ್ಸ್‌ನವರು ಪ್ರತ್ಯೇಕ ಹಣ ಕೇಳುತ್ತಾರೆ. ಚೌಕಾಸಿ ಮಾಡಲಿ, ಆದರೆ ರಸೀದಿಯಿಲ್ಲದೆ ಒಂದು ದಿರ್ಹಮನ್ನೂ ಕೊಡದಿರಲಿ, ದೂರು ಹಿಂತೆಗೆದ ದಾಖಲೆಯನ್ನು ಕೈಗೆ ಪಡೆಯದೆ ವಿಮಾನದ ಟಿಕೆಟ್ ತೆಗೆಯದಿರಲಿ.

ಅವನ ಪಾಸ್‌ಪೋರ್ಟ್ ಬೇರೆಯವರ ಬಳಿ ಇದ್ದರೆ ಅದಕ್ಕೂ ಹೆದರಬೇಕಿಲ್ಲ. ಇನ್ನೊಬ್ಬರ ಪಾಸ್‌ಪೋರ್ಟ್ ಇಟ್ಟುಕೊಳ್ಳುವುದು ಅಲ್ಲಿನ ಕಾನೂನಿಗೂ ವಿರುದ್ಧ. ಕಳೆದಿದ್ದರೆ ದುಬೈಯ ಭಾರತೀಯ ಕಾನ್ಸುಲೇಟ್ ಊರಿಗೆ ಮರಳಲಷ್ಟೇ ಬಳಸಬಹುದಾದ ತುರ್ತು ಪ್ರಮಾಣಪತ್ರವನ್ನು ಕೊಡುತ್ತದೆ. ಹಣ ನಿಜವಾಗಿಯೂ ಇಲ್ಲವೆಂದಾದರೆ, ಸಂಕಷ್ಟದಲ್ಲಿರುವ ಭಾರತೀಯರಿಗಾಗಿ 2009ರಲ್ಲಿ ಸ್ಥಾಪಿಸಿದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ಪರಿಸ್ಥಿತಿಯನ್ನು ನೋಡಿ ಅದರಿಂದ ಟಿಕೆಟ್ಟಿಗೆ ನೆರವು ಕೊಡುತ್ತಾರೆ. ಇಲ್ಲಿಂದ ನೀವು ವಿದೇಶಾಂಗ ಸಚಿವಾಲಯದ 'ಮದದ್' ಜಾಲತಾಣದಲ್ಲಿ ಅವನ ಹೆಸರಿನಲ್ಲಿ ದೂರು ದಾಖಲಿಸಬಹುದು. ಕಾನ್ಸುಲೇಟಿಗೆ ಹೋದರೆ ಅವರೇ ಹಿಡಿದುಕೊಡುತ್ತಾರೆ ಎಂಬ ಮಾತನ್ನು ರೂಮುಗಳಲ್ಲಿ ನಾನೂ ಕೇಳಿದ್ದೇನೆ. ಅದು ಸುಳ್ಳು, ಮತ್ತು ಆ ಸುಳ್ಳಿನಿಂದಲೇ ಎಷ್ಟೋ ಹುಡುಗರ ದಂಡ ಬೆಳೆಯುತ್ತಾ ಹೋಗುತ್ತದೆ.

ಕ್ಷಮಾದಾನ ಬರಲಿ ಎಂದು ಕಾಯುವ ಆಲೋಚನೆ ಅವನಿಗಿದ್ದರೆ ಬಿಡಿಸಿ. 2024ರ ಸೆಪ್ಟೆಂಬರ್ 1ರಿಂದ ಡಿಸೆಂಬರ್ 31ರವರೆಗೆ ಯುಎಇ ಅಂತಹ ಅವಕಾಶ ಕೊಟ್ಟಿದ್ದು, ಆಗ ಬಂದವರ ದಂಡವೂ ಮನ್ನಾ ಆಯಿತು, ಮತ್ತೆ ಬರಲು ನಿಷೇಧವೂ ಬೀಳಲಿಲ್ಲ ಎಂಬುದು ನಿಜ. ಆದರೆ ಮುಂದಿನದು ಯಾವಾಗ ಎಂದು ಯಾರೂ ಹೇಳಲಾರರು. ಕಾಯುವ ಪ್ರತಿ ತಿಂಗಳಿಗೆ 1,500 ದಿರ್ಹಮ್ ಸೇರುತ್ತದೆ. ಥಾಯ್ಲೆಂಡಿನಂತೆ ದಿನಕ್ಕೆ 500 ಬಾತ್, ಹೆಚ್ಚೆಂದರೆ 20,000 ಬಾತ್ ಎಂಬ ಮೇಲ್ಮಿತಿ ಇಲ್ಲಿದೆ ಎಂದು ಭಾವಿಸಬೇಡಿ. 

ದಂಡ ಕಟ್ಟಿ ಪರವಾನಗಿ ಪಡೆದ ಮೇಲೆ, ಅದರ ಮೇಲಿರುವ ಗಡುವಿನೊಳಗೆ ಹೊರಡಲೇಬೇಕು. ಹೊರಡುವ ದಿನದವರೆಗಿನ ದಂಡವನ್ನು ಸೇರಿಸಿ ಲೆಕ್ಕ ಹಾಕುವುದರಿಂದ ಸ್ವಲ್ಪ ಹೆಚ್ಚು ನಗದು ಕೈಯಲ್ಲಿರಲಿ, ನಿಲ್ದಾಣಕ್ಕೆ ಐದು ಗಂಟೆ ಮುಂಚೆಯೇ ತಲುಪಲಿ. ಪಾಸ್‌ಪೋರ್ಟ್ ತಪಾಸಣೆಯಲ್ಲಿ ನನ್ನನ್ನು ಸಾಲಿನಿಂದ ಪಕ್ಕಕ್ಕೆ ನಿಲ್ಲಿಸಿದಾಗ ಎದೆ ಹೊಡೆದುಕೊಂಡಿತು. ಅಧಿಕಾರಿ ಕೇಳಿದ್ದು ರಸೀದಿಯನ್ನು ಮಾತ್ರ. ಅದನ್ನು ನೋಡಿ ಮುದ್ರೆ ಒತ್ತಿ ಕಳುಹಿಸಿದರು, ಮರುದಿನ ಬೆಳಿಗ್ಗೆ ಶಂಷಾಬಾದಿನಲ್ಲಿ ಇಳಿದು, ಜಹೀರಾಬಾದ್ ದಾಟಿ, ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿದ್ದೆ.