ಕಿಕ್ ಬಿದ್ದರೂ ಪಾಯಿಂಟ್ ಯಾಕೆ ಬರಲಿಲ್ಲ?

ಅಕ್ಕಾ, ಟೇಕ್ವಾಂಡೋ ಮ್ಯಾಚಿನಲ್ಲಿ ಮಗ ಅಷ್ಟೊಂದು ಕಿಕ್ ಹೊಡೆದ, ಪಂಚೂ ಬಿತ್ತು, ಆದರೂ ಬೋರ್ಡಿನಲ್ಲಿ ಎದುರಿನವನ ಪಾಯಿಂಟೇ ಏರುತ್ತಿತ್ತು, ಮೋಸ ಆಗಿದೆಯಾ ಅಂತ ಕೇಳಿದ್ದೀರಿ. ನೀವು ಹಾಕಿದ ವಿಡಿಯೋ ಪೂರ್ತಿ ನೋಡಿದೆ. ನನಗೆ ಮೋಸ ಅನ್ನಿಸಲಿಲ್ಲ.

ಟೇಕ್ವಾಂಡೋದಲ್ಲಿ ತಗಲಿದ್ದೆಲ್ಲ ಪಾಯಿಂಟ್ ಆಗುವುದಿಲ್ಲ. ನಮ್ಮೂರಲ್ಲಿ ಹಾಕಿ ಗೊತ್ತಿಲ್ಲದವರು ಯಾರು? ಗೋಲಿನ ಮುಂದಿನ ಅರ್ಧವೃತ್ತ, ಅಂದರೆ ಡಿ, ಅದರ ಹೊರಗಿಂದ ನೇರ ಹೊಡೆದ ಬಾಲ್ ಒಳಗೆ ಹೋದರೂ ಗೋಲ್ ಕೊಡುವುದಿಲ್ಲ, ಅಲ್ವಾ? ಇಲ್ಲೂ ಹಾಗೆಯೇ, ಯಾವುದರಿಂದ ಹೊಡೆದ, ಎಲ್ಲಿ ಬಿತ್ತು, ಎಷ್ಟು ಜೋರಾಗಿ ಬಿತ್ತು ಅನ್ನುವುದು ಮುಖ್ಯ.

ಚೆಸ್ಟ್ ಗಾರ್ಡ್ ಮೇಲೆ ಪಂಚ್ ಬಿದ್ದರೆ 1, ಕಿಕ್ ಬಿದ್ದರೆ 2, ತಲೆಗೆ ಕಿಕ್ ಬಿದ್ದರೆ 3. ಬೆನ್ನು ತಿರುಗಿಸಿ ಹೊಡೆಯುವ ಬ್ಯಾಕ್ ಕಿಕ್ ಥರದ್ದು ಚೆಸ್ಟ್ ಗಾರ್ಡಿಗೆ ಬಿದ್ದರೆ 4, ತಲೆಗೆ ಬಿದ್ದರೆ ಇನ್ನೂ ಜಾಸ್ತಿ. ಮುಖಕ್ಕೆ ಪಂಚ್ ಹೊಡೆಯುವ ಹಾಗೇ ಇಲ್ಲ. ಬೆನ್ನುಮೂಳೆಗೆ ಹೊಡೆದರೂ ಪಾಯಿಂಟ್ ಇಲ್ಲ.

ಎಲೆಕ್ಟ್ರಾನಿಕ್ ಗಾರ್ಡ್ ಇರುವ ಕಡೆ ಪಾದಕ್ಕೆ ಹಾಕುವ ಸಾಕ್ಸ್‌ನಲ್ಲಿ ಸೆನ್ಸರ್ ಅಥವಾ ಮ್ಯಾಗ್ನೆಟ್ ಇರುತ್ತದೆ, ಅದು ತಗಲಿದ್ದನ್ನು ಗಾರ್ಡ್ ಗುರುತಿಸುತ್ತದೆ. ಅದು ಗಾರ್ಡಿಗೆ ತಗಲಬೇಕು, ತೂಕದ ವರ್ಗಕ್ಕೆ ತಕ್ಕಂತೆ ಇಟ್ಟಿರುವಷ್ಟು ಜೋರೂ ಇರಬೇಕು. ಮಗನ ತೊಂದರೆ ಇಲ್ಲೇ. ಅವನು ತೀರಾ ಹತ್ತಿರ ಹೋಗಿ ಹೊಡೆಯುತ್ತಾನೆ. ಪಾದದ ಬದಲು ಮೊಣಕಾಲಿನ ಕೆಳಗಿನ ಮೂಳೆ ಬಡಿಯುತ್ತದೆ. ಸದ್ದು ಜೋರಾಗಿ ಕೇಳುತ್ತದೆ, ಬೋರ್ಡಿನಲ್ಲಿ ಏನೂ ಬರುವುದಿಲ್ಲ. ಒಂದು ಹೆಜ್ಜೆ ದೂರ ನಿಂತು ಹೊಡೆಯೋದನ್ನ ಕಲಿತರೆ ಅವನ ಕಾಲಿನ ವೇಗಕ್ಕೆ ಪಾಯಿಂಟ್ ಬಂದೇ ಬರುತ್ತದೆ. ಸಾಕ್ಸ್ ಸರಿಯಾದ ಸೈಜಿನದ್ದೇ ಇರಲಿ, ಒಳಗೆ ತಿರುಗಿಕೊಳ್ಳಬಾರದು. ಮ್ಯಾಚಿಗೆ ಮುಂಚೆ ಸೆನ್ಸರ್ ಟೆಸ್ಟ್ ಮಾಡುವಾಗ ಸುಮ್ನೆ ನಿಲ್ಲದೆ ಪ್ರತಿ ಕಾಲಿನಿಂದಲೂ ಹೊಡೆದು ನೋಡಲಿ.

ಪಂಚ್ ಮಾತ್ರ ಬೇರೆ. ಅದನ್ನು ಯಂತ್ರ ಎಣಿಸುವುದಿಲ್ಲ, ಮೂಲೆಯಲ್ಲಿ ಕೂತ ಜಡ್ಜ್‌ಗಳು ಬಟನ್ ಒತ್ತಬೇಕು. ಮುಷ್ಟಿ ಬಿಗಿಯಾಗಿ, ನೇರವಾಗಿ, ಜಡ್ಜ್ ಕಣ್ಣಿಗೆ ಕಾಣುವ ಹಾಗೆ ಬೀಳಬೇಕು. ಮಗನ ಪಂಚ್ ತಳ್ಳಿದ ಹಾಗಿತ್ತು. ಪಂಚ್‌ಗಿಂತ ಕಿಕ್ಕಿಗೇ ಜಾಸ್ತಿ ಸಮಯ ಕೊಡಿ ಅಂತ ನನ್ನ ಸಲಹೆ.

ಕಣ್ಣಿನ ಮೇಲೇ ಪೂರ್ತಿ ನಂಬಿಕೆ ಇಟ್ಟಾಗ ಎಷ್ಟು ಕಷ್ಟ ಅನ್ನುವುದಕ್ಕೆ 2008ರ ಬೀಜಿಂಗ್ ಒಲಿಂಪಿಕ್ಸ್ ಸಾಕ್ಷಿ. ಬ್ರಿಟನ್ನಿನ ಸಾರಾ ಸ್ಟೀವನ್ಸನ್ ತಲೆಗೆ ಹೊಡೆದ ಕಿಕ್ಕನ್ನು ಜಡ್ಜ್‌ಗಳು ಲೆಕ್ಕಕ್ಕೆ ಹಿಡಿಯಲಿಲ್ಲ, ಆಮೇಲೆ ವಿಡಿಯೋ ನೋಡಿ ಫಲಿತಾಂಶವನ್ನೇ ಬದಲಿಸಿದರು. 2012ರ ಲಂಡನ್‌ನಲ್ಲಿ ಎಲೆಕ್ಟ್ರಾನಿಕ್ ಗಾರ್ಡ್ ಬಂತು.

ಇನ್ನು ಎದುರಿನವನ ಪಾಯಿಂಟ್ ಏರಿದ್ದು. ಅದರಲ್ಲಿ ಮಗನ ತಪ್ಪಿಗೆ ಸಿಕ್ಕಿದ್ದೂ ಇವೆ. ಗೆರೆ ದಾಟಿದರೆ, ಬಿದ್ದರೆ, ಹಿಡಿದರೆ ಗಾಮ್‌ಜಮ್, ಅಂದರೆ ತಪ್ಪಿಗೆ ದಂಡ, ಎದುರಿನವನಿಗೆ 1 ಪಾಯಿಂಟ್. ಒಂದು ರೌಂಡಿನಲ್ಲಿ 5 ಗಾಮ್‌ಜಮ್ ಆದರೆ ಆ ರೌಂಡೇ ಹೋಯಿತು. ಮೂರರಲ್ಲಿ ಎರಡು ರೌಂಡ್ ಗೆಲ್ಲಬೇಕಾದ ಆಟದಲ್ಲಿ ಇದು ಭಾರೀ ನಷ್ಟ. ವಿಡಿಯೋದಲ್ಲಿ ಅವನು ಹಿಂದೆ ಹಿಂದೆ ಹೋಗುತ್ತಲೇ ಗೆರೆ ದಾಟಿದ್ದಾನೆ, ನೋಡಿ.

ನಿಮ್ಮ ಕಾಫಿ ಕಣ ಖಾಲಿ ಇದ್ದರೆ ಸುಣ್ಣದಲ್ಲಿ ಸುಮಾರು 8 ಮೀಟರ್ ಅಗಲಕ್ಕೆ ಗೆರೆ ಹಾಕಿಕೊಡಿ. ನೆಲ ಸಿಮೆಂಟಾದ್ದರಿಂದ ಅಲ್ಲಿ ಹೊಡೆದಾಟ ಬೇಡ, ಬರೀ ಹೆಜ್ಜೆ ಹಾಕಲಿ. ಹಿಂದೆ ಸರಿಯುವಾಗ ನೇರ ಹೋಗದೆ ಪಕ್ಕಕ್ಕೆ ತಿರುಗುವುದನ್ನು ರೂಢಿ ಮಾಡಿಸಿ.