ಎರಡು ಏರ್ ಪಿಸ್ತೂಲುಗಳು ಮತ್ತು ನಮ್ಮ ಮಳೆಗಾಲ

ಹೆಗಡೆಯವರೇ, ಮಗಳು ಒಂದು ವರ್ಷದಿಂದ ಎರವಲು ಪಿಸ್ತೂಲಿನಲ್ಲಿ ಹತ್ತು ಮೀಟರ್ ಶೂಟಿಂಗ್ ಅಭ್ಯಾಸ ಮಾಡುತ್ತಿದ್ದಾಳೆ, ಈಗ ಸ್ವಂತದ್ದೊಂದು ಬೇಕು ಎಂದು ಬರೆದಿದ್ದೀರಿ. ಬಳಸಿದ ಸ್ಟೇಯರ್ ಎಲ್‌ಪಿ 10 ಒಂದು, ಮೊರಿನಿ ಸಿಎಂ 162 ಇಐ ಒಂದು, ಹೀಗೆ ಒತ್ತಿದ ಗಾಳಿಯಿಂದ ಹೊಡೆಯುವ ಎರಡು ಏರ್ ಪಿಸ್ತೂಲುಗಳು ನಿಮ್ಮ ಕಣ್ಣಿಗೆ ಬಿದ್ದಿವೆ. ಇವೆರಡರಲ್ಲಿ ಯಾವುದು, ಅಥವಾ ಇನ್ನೂ ಕಾದು ಮದ್ದುಗುಂಡು ಹಾರಿಸುವ .22ರ (ನಳಿಕೆಯ ಅಳತೆ, ಇಂಚಿನಲ್ಲಿ) ಸೆಮಿ ಆಟೊಮ್ಯಾಟಿಕ್ ಪಿಸ್ತೂಲನ್ನೇ ತೆಗೆದುಕೊಳ್ಳುವುದೇ ಎಂಬುದು ನಿಮ್ಮ ಪ್ರಶ್ನೆ. ಆ ಎರಡೂ ಮಾದರಿಯ ಏರ್ ಪಿಸ್ತೂಲುಗಳು ಕಾರವಾರದ ನನ್ನ ಮನೆಯಲ್ಲಿಯೂ ಇವೆ. ಸ್ಟೇಯರ್ ಎಂಟು ವರ್ಷಗಳಿಂದ, ಮೊರಿನಿ ನಾಲ್ಕು ವರ್ಷಗಳಿಂದ.

.22ರ ಮಾತನ್ನು ಈಗ ಬಿಡಿ. ಅದು ನಿಜವಾದ ಬಂದೂಕು. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಬೇಕು, 25 ಮೀಟರಿನ ರೇಂಜ್ ಬೇಕು, ಮನೆಯಲ್ಲಿ ಅಭ್ಯಾಸ ಮಾಡುವಂತಿಲ್ಲ. 4.5 ಮಿಲಿಮೀಟರಿನ ಈ ಏರ್ ಪಿಸ್ತೂಲುಗಳಿಗೆ ಪರವಾನಗಿ ಬೇಡ. ಒಂದೊಂದೇ ಪೆಲೆಟ್ (ಪುಟ್ಟ ಗುಂಡು) ಹಾಕಿ ಹೊಡೆಯುವಂಥವು. ಹದಿನೈದರ ಹುಡುಗಿಗೆ ಅದೇ ಒಳ್ಳೆಯದು, ಪ್ರತಿ ಗುಂಡಿಗೂ ಕೈ ಇಳಿಸಿ, ಉಸಿರು ತೆಗೆದುಕೊಂಡು, ಮತ್ತೆ ಮೊದಲಿನಿಂದ ನಿಲ್ಲಬೇಕಾಗುತ್ತದೆ.

ಗುರಿಯ ನಿಖರತೆಯನ್ನು ನೋಡಿ ಇವೆರಡರಲ್ಲಿ ಒಂದನ್ನು ಆರಿಸಲು ಸಾಧ್ಯವಿಲ್ಲ. ಗುರಿಹಲಗೆಯ ನಡುವಿನ ಹತ್ತು ಅಂಕದ ವೃತ್ತದ ವ್ಯಾಸ 11.5 ಮಿಲಿಮೀಟರ್. ಪಿಸ್ತೂಲನ್ನು ಕಟ್ಟಿ ನಿಲ್ಲಿಸಿ ಹೊಡೆದರೆ ಎರಡೂ ಅದರೊಳಗೇ ತೂತಿನ ಮೇಲೆ ತೂತು ಮಾಡುತ್ತವೆ. ತೂಕದಲ್ಲಿಯೂ ಹೆಚ್ಚು ಕಡಿಮೆ ಇಲ್ಲ, ಎರಡೂ ಒಂದು ಕಿಲೋ ಆಸುಪಾಸು. ನಿಜವಾದ ವ್ಯತ್ಯಾಸ ಟ್ರಿಗರಿನಲ್ಲಿದೆ.

ಸ್ಟೇಯರಿನದು ಯಾಂತ್ರಿಕ ಟ್ರಿಗರ್. ಮೊದಲ ಹಂತ ಮೆತ್ತಗೆ ಸರಿದು ಒಂದು ಗೋಡೆಗೆ ತಾಗಿದಂತೆ ನಿಲ್ಲುತ್ತದೆ. ಅಲ್ಲಿಂದ ಮುಂದೆ ಬೆರಳಿನ ಒತ್ತಡ ಒಂದಿಷ್ಟು ಹೆಚ್ಚಿದರೆ ಗುಂಡು ಹೊರಟಿರುತ್ತದೆ. ಒಳಗಿನ ಉಕ್ಕಿನ ಅಂಚು ಜಾರುವುದು ಬೆರಳಿಗೆ ತಿಳಿಯುತ್ತದೆ, ಕಲಿಯುವವರಿಗೆ ಈ ಅರಿವು ದೊಡ್ಡದು. ಗುಂಡು ಹೊರಡುವಾಗ ಒಳಗೆ ಒಂದು ಚಿಕ್ಕ ತೂಕ ಹಿಂದಕ್ಕೆ ಸರಿದು ಧಕ್ಕೆಯನ್ನು ನುಂಗುತ್ತದೆ, ಮುಂದಿನ ಗುರಿಗಂಬ ಕದಲುವುದೇ ಇಲ್ಲವೇನೋ ಎನಿಸುತ್ತದೆ. ಮೊರಿನಿಯದು ಎಲೆಕ್ಟ್ರಾನಿಕ್. ಬೆರಳು ಒಂದು ಸಂಪರ್ಕವನ್ನು ಮುಟ್ಟಿಸುತ್ತದೆ ಅಷ್ಟೇ, ಉಳಿದದ್ದು ವಿದ್ಯುತ್ತಿನ ಕೆಲಸ. ಅಂಚು ಸವೆಯುವ ಪ್ರಶ್ನೆಯೇ ಇಲ್ಲದ್ದರಿಂದ ಮೊದಲ ಗುಂಡಿನಲ್ಲಿ ಹೇಗಿತ್ತೋ ಅರವತ್ತನೆಯದರಲ್ಲಿಯೂ ಹಾಗೆಯೇ ಇರುತ್ತದೆ. 75 ನಿಮಿಷಗಳ ಪಂದ್ಯದ ಕೊನೆಯಲ್ಲಿ ಬೆರಳು ದಣಿದಾಗ ಅದರ ಬೆಲೆ ಗೊತ್ತಾಗುತ್ತದೆ. ನಾನು ಪಂದ್ಯಕ್ಕೆ ಒಯ್ಯುವುದು ಮೊರಿನಿಯನ್ನೇ.

ಆದರೂ ನಿಮ್ಮ ಮಗಳಿಗೆ ನಾನು ಸ್ಟೇಯರ್ ಹೇಳುತ್ತೇನೆ. ಕಾರಣ ನಮ್ಮ ಜಿಲ್ಲೆಯ ಮಳೆಗಾಲ. ಮೂರು ವರ್ಷಗಳ ಹಿಂದೆ ಆಷಾಢದಲ್ಲಿ ಮೊರಿನಿಯ ಬ್ಯಾಟರಿಯನ್ನು ಒಳಗೇ ಬಿಟ್ಟು ಎರಡು ತಿಂಗಳು ಪರಸ್ಥಳದಲ್ಲಿದ್ದೆ. ಮರಳಿ ಬಂದು ನೋಡಿದರೆ ಸಂಪರ್ಕದ ತಗಡು ಹಸಿರುಗಟ್ಟಿತ್ತು. ಅದು ನನ್ನ ಅಜಾಗರೂಕತೆ, ಪಿಸ್ತೂಲಿನ ದೋಷವಲ್ಲ. ಈಗ ಪ್ರತಿ ಸಲವೂ ಬ್ಯಾಟರಿ ತೆಗೆದೇ ಇಡುತ್ತೇನೆ. ಆದರೆ ಅಂಥ ತೊಂದರೆ ಬಂದಾಗ ಯಾಂತ್ರಿಕ ಟ್ರಿಗರನ್ನು ಬಲ್ಲವರ ಸಹಾಯದಿಂದ ಮೇಜಿನ ಮೇಲೆ ಬಿಚ್ಚಿ ನೋಡಬಹುದು, ಎಲೆಕ್ಟ್ರಾನಿಕ್ ಹಲಗೆಯನ್ನು ನಮ್ಮ ಊರುಗಳಲ್ಲಿ ಯಾರೂ ಮುಟ್ಟಲಾರರು. 2021ರಲ್ಲಿ ಟೋಕಿಯೊ ಒಲಿಂಪಿಕ್ಸಿನಲ್ಲಿ ಮನು ಭಾಕರ್ ಅವರ ಪಿಸ್ತೂಲು ಅರ್ಹತಾ ಸುತ್ತಿನ ನಡುವೆಯೇ ಕೆಟ್ಟು ನಿಂತದ್ದು ನೆನಪಿರಬಹುದು. ಜೊತೆಗೆ ತರಬೇತುದಾರರಿದ್ದವರಿಗೇ ಅದು ಅಷ್ಟು ದುಬಾರಿಯಾಯಿತು. ಅದೇ ಹುಡುಗಿ 2024ರಲ್ಲಿ ಪ್ಯಾರಿಸ್‌ನಲ್ಲಿ ಎರಡು ಕಂಚು ಗೆದ್ದದ್ದನ್ನು ನಿಮ್ಮ ಮಗಳಿಗೂ ಹೇಳಿ.

ಟ್ರಿಗರಿಗಿಂತಲೂ ಹೆಚ್ಚು ನಿಮ್ಮನ್ನು ಕಾಡಲಿರುವುದು ಗಾಳಿ. ಎರಡರ ಗಾಳಿಯ ಸಿಲಿಂಡರಿಗೂ 200 ಬಾರ್ (ಬಾರ್ ಎಂದರೆ ಒತ್ತಡದ ಅಳತೆ) ತುಂಬಬೇಕು, ಕಾರಿನ ಟೈರಿನಲ್ಲಿರುವುದು ಎರಡು ಚಿಲ್ಲರೆ ಮಾತ್ರ. ಕೈಪಂಪಿನಿಂದ ತುಂಬಬಹುದು ಎನ್ನುತ್ತಾರೆ, ನಾನೂ ಮೊದಲ ವರ್ಷ ಹಾಗೆಯೇ ಮಾಡಿದೆ. ಜುಲೈ ತಿಂಗಳ ನಮ್ಮ ಗಾಳಿಯನ್ನು ಅಷ್ಟು ಒತ್ತಿದರೆ ಅದರೊಳಗಿನ ತೇವ ನೀರಾಗಿ ಇಳಿಯುತ್ತದೆ. ಪಂಪಿನ ತುದಿಯಲ್ಲಿ ಹನಿ ಕಂಡ ದಿನವೇ ಅದನ್ನು ಬಿಟ್ಟೆ. ಆ ನೀರು ಒಳಗಿನ ಕವಾಟಗಳಿಗೆ ಹೋದರೆ ರಿಪೇರಿಗೆ ಸಾಕಷ್ಟು ಹಣ ಬೇಕು.

ನಾನು ಕಂಡುಕೊಂಡ ದಾರಿ ಮುರುಡೇಶ್ವರದ್ದು. ಅಲ್ಲಿನ ನೇತ್ರಾಣಿ ದ್ವೀಪದ ಸುತ್ತ ಡೈವಿಂಗ್ ಮಾಡುವವರ ಟ್ಯಾಂಕಿನಲ್ಲಿ ಇರುವುದೂ 200 ಬಾರ್ ಆಸುಪಾಸಿನ ಗಾಳಿಯೇ, ಅದೂ ಸೋಸಿ ಒಣಗಿಸಿದ್ದು. ಸ್ವಂತದ ಒಂದು ಡೈವಿಂಗ್ ಟ್ಯಾಂಕ್ ಇಟ್ಟುಕೊಳ್ಳಿ. ನಿಮ್ಮ ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾ, ಹೊನ್ನಾವರ ದಾಟಿದರೆ ಮುರುಡೇಶ್ವರ, ಒಂದು ದಿನದ ಕೆಲಸ. ಮಳೆಗಾಲದಲ್ಲಿ ಡೈವಿಂಗ್ ನಿಂತಿರುತ್ತದೆ, ಆದ್ದರಿಂದ ಮೇ ಮುಗಿಯುವ ಮೊದಲೇ ಟ್ಯಾಂಕ್ ತುಂಬಿಸಿಡಿ. ಟ್ಯಾಂಕಿನ ಒತ್ತಡ 150ಕ್ಕೆ ಇಳಿದರೂ ಅಭ್ಯಾಸ ನಡೆಯುತ್ತದೆ, ಒಂದು ತುಂಬಿಗೆ ಸಿಗುವ ಗುಂಡುಗಳು ಕಡಿಮೆ, ಅಷ್ಟೇ. ತುಂಬುವ ಅಡಾಪ್ಟರ್ ಸ್ಟೇಯರಿಗೆ ಬೇರೆ, ಮೊರಿನಿಗೆ ಬೇರೆ. ಪಿಸ್ತೂಲಿನ ಜೊತೆಗೇ ಕೇಳಿ ಪಡೆಯಿರಿ. ವೆಲ್ಡಿಂಗಿನ ಅಥವಾ ಆಸ್ಪತ್ರೆಯ ಆಮ್ಲಜನಕವನ್ನು ಎಂದಿಗೂ ತುಂಬಬೇಡಿ. ಒಳಗೆ ಜಿಡ್ಡಿನ ಲೇಶವಿದ್ದರೂ ಸಿಡಿಯುತ್ತದೆ, ಇದರಲ್ಲಿ ರಿಯಾಯಿತಿ ಇಲ್ಲ.

ಬಳಸಿದ ಪಿಸ್ತೂಲು ಎಂದಿರಲ್ಲ, ಮೊದಲು ಸಿಲಿಂಡರಿನ ಮೇಲೆ ಕೊರೆದ ತಾರೀಖು ನೋಡಿ. ತಯಾರಾಗಿ ಹತ್ತು ವರ್ಷ ಮೀರಿದ್ದನ್ನು ಪಂದ್ಯದಲ್ಲಿ ಬಿಡುವುದಿಲ್ಲ. ಮಾರುವವರು ಈ ಮಾತನ್ನು ತಾವಾಗಿ ಹೇಳುವುದು ಅಪರೂಪ. ಹೊಸ ಸಿಲಿಂಡರಿನ ಬೆಲೆಯನ್ನು ಚೌಕಾಸಿಯಲ್ಲಿ ಇಳಿಸಿಕೊಳ್ಳಿ. ಟ್ರಿಗರ್ ಸಡಿಲದೆ ಕನಿಷ್ಠ 500 ಗ್ರಾಂ ತೂಕ ಎತ್ತಬೇಕೆಂಬ ನಿಯಮವಿದೆ. ಸರಿಯಾಗಿ 500ಕ್ಕೆ ಕೂರಿಸಬೇಡಿ, 520ರ ಹತ್ತಿರ ಇಡಿ, ಪಂದ್ಯದಲ್ಲಿ ಪಿಸ್ತೂಲು ಪರೀಕ್ಷಿಸುವ ಮೇಜಿನ ಮುಂದೆ ಮಗುವಿಗೆ ಗಾಬರಿಯಾಗದು.

ಶಿರಸಿಯಲ್ಲಿ ನಿಮಗೆ ನಮ್ಮಂತೆ ಉಪ್ಪುಗಾಳಿಯ ಕಾಟವಿಲ್ಲ, ಬೂಷ್ಟಿನ ಕಾಟವಿದೆ. ಪಿಸ್ತೂಲಿನ ಪೆಟ್ಟಿಗೆಯೊಳಗಿನ ಸ್ಪಂಜು ತೇವವನ್ನು ಹೀರಿ ಹಿಡಿದುಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದರಲ್ಲಿ ಇಡಲೇಬೇಡಿ. ಒಣ ಹತ್ತಿಬಟ್ಟೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಚೀಲದೊಂದಿಗೆ ಬೀಗವಿರುವ ಕಪಾಟಿನಲ್ಲಿಡಿ. ಉಕ್ಕಿನ ಭಾಗಗಳಿಗೆ ಹೊರಗಿನಿಂದ ತೆಳುವಾಗಿ ಎಣ್ಣೆ ಒರೆಸಿದರೆ ಸಾಕು, ಗಾಳಿ ಹಾಯುವ ದಾರಿಗೆ ಎಣ್ಣೆ ತಾಗಬಾರದು. ಮರದ ಹಿಡಿ ಮಳೆಗಾಲದಲ್ಲಿ ಕೂದಲೆಳೆಯಷ್ಟು ಉಬ್ಬುತ್ತದೆ. ಮಗಳು ಹಿಡಿತ ಬದಲಾಗಿದೆ ಎಂದರೆ ನಂಬಿ, ಅದನ್ನು ನೆಪವೆಂದು ತಳ್ಳಬೇಡಿ. ಪೆಲೆಟ್ ಸೀಸದ್ದು, ಅಭ್ಯಾಸ ಮುಗಿಸಿ ಸೋಪಿನಿಂದ ಕೈ ತೊಳೆಯದೆ ಊಟಕ್ಕೆ ಕೂರಬಾರದು.

ಇಷ್ಟೆಲ್ಲ ಹೇಳಿದರೂ ಕೈಗೆ ಹಿಡಿ ಹೊಂದದಿದ್ದರೆ ನನ್ನ ಸಲಹೆಗೆ ಅರ್ಥವಿಲ್ಲ. ಮೊರಿನಿಯ ಹಿಡಿ ಅವಳ ಅಂಗೈಗೆ ಸರಿಯಾಗಿ ಕೂತು, ಸ್ಟೇಯರಿನದು ದೊಡ್ಡದಾದರೆ ಬ್ಯಾಟರಿಯ ಜೋಪಾನವನ್ನು ನೀವು ವಹಿಸಿಕೊಂಡು ಮೊರಿನಿಯನ್ನೇ ಕೊಡಿಸಿ. ಹಣ ಕೊಡುವ ಮೊದಲು ಒಂದು ಭಾನುವಾರ ಅವಳನ್ನು ಕಾರವಾರಕ್ಕೆ ಕರೆತನ್ನಿ. ಎರಡರಲ್ಲಿಯೂ ಅರವತ್ತರವತ್ತು ಗುಂಡು ಹೊಡೆದು ನೋಡಲಿ. ಎಡಗೈಯವಳಾದರೆ ಮೊದಲೇ ತಿಳಿಸಿ, ನನ್ನಲ್ಲಿರುವ ಎರಡೂ ಹಿಡಿಗಳು ಬಲಗೈಯವು.